ತೆರಿಗೆಯೂ ಇದೆ, ನಿಷೇಧವೂ ಇದೆ: ಕರ್ನಾಟಕದಲ್ಲಿ ಆನ್‌ಲೈನ್ ಬೆಟ್ಟಿಂಗ್ ಕಾನೂನು ನಿಜಕ್ಕೂ ಏನು ಹೇಳುತ್ತದೆ?

2025ರ ಆಗಸ್ಟ್ ಕೊನೆಯ ವಾರದಲ್ಲಿ ಫೋನ್‌ನಲ್ಲಿ ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್ ಆಡುತ್ತಿದ್ದವರಿಗೆಲ್ಲ ಒಂದೇ ಥರದ ಸುದ್ದಿ ಬಂತು. ದುಡ್ಡು ಕಟ್ಟಿ ಆಡುವ ಆಟ ನಿಲ್ಲಿಸಿದ್ದೇವೆ, ಖಾತೆಯಲ್ಲಿ ಉಳಿದ ಹಣವನ್ನು ವಾಪಸ್ ತೆಗೆದುಕೊಳ್ಳಿ ಅಂತ. ಡ್ರೀಮ್ ಇಲೆವೆನ್ ಹೆಸರು ಭಾರತ ತಂಡದ ಜೆರ್ಸಿಯಿಂದ ಹೋಯಿತು. ಸೆಪ್ಟೆಂಬರ್‌ನ ಏಷ್ಯಾ ಕಪ್‌ನಲ್ಲಿ ನಮ್ಮ ತಂಡ ಎದೆಯ ಮೇಲೆ ಪ್ರಾಯೋಜಕರ ಹೆಸರೇ ಇಲ್ಲದೆ ಆಡಿತು. ಇಲ್ಲಿವರೆಗೆ ಗೊಂದಲ ಇಲ್ಲ, ನಿಷೇಧ ಆಯ್ತು ಅಂದುಕೊಳ್ಳಬಹುದು. ಆದರೆ ಎರಡು ವಾರ ತುಂಬುವ ಮೊದಲೇ ಜಿಎಸ್‌ಟಿ ಮಂಡಳಿ ಸಭೆ ಸೇರಿ, ಅದೇ ಆನ್‌ಲೈನ್ ಹಣದಾಟದ ಮೇಲಿನ ತೆರಿಗೆಯನ್ನು ಶೇ 28ರಿಂದ ಶೇ 40ಕ್ಕೆ ಏರಿಸಿತು.

ನಿಷೇಧ ಮಾಡಿದ್ದಕ್ಕೆ ತೆರಿಗೆ ಯಾಕೆ? ರಮ್ಮಿ ಜೂಜಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿತ್ತಲ್ಲ, ಅದು ಏನಾಯ್ತು? ಆಡಿದವರಿಗೆ ಶಿಕ್ಷೆ ಇಲ್ಲ ಅಂತಾರೆ, ಹಾಗಾದ್ರೆ ಆಡಬಹುದಾ? 2021ರಲ್ಲಿ ಕರ್ನಾಟಕವೇ ಒಂದು ನಿಷೇಧ ತಂದಿತ್ತಲ್ಲ, ಅದು ಇದೆಯಾ ಬಿದ್ದುಹೋಯಿತಾ?

ಈ ಪ್ರಶ್ನೆಗಳೆಲ್ಲ ಒಂದೇ ಗಂಟಿನ ಎಳೆಗಳು. ಗಂಟು ಬಿಚ್ಚಬೇಕು ಅಂದರೆ ಒಂದು ವಿಷಯ ಹಿಡಿದುಕೊಳ್ಳಬೇಕು. ಐವತ್ತು ಅರವತ್ತು ವರ್ಷ ನಮ್ಮ ಕಾನೂನು ಕೇಳುತ್ತಿದ್ದ ಪ್ರಶ್ನೆ "ಈ ಆಟ ಬುದ್ಧಿಯದೋ ಅದೃಷ್ಟದ್ದೋ?" ಅಂತ. 2025ರ ಕೇಂದ್ರ ಕಾಯ್ದೆ ಆ ಪ್ರಶ್ನೆಯನ್ನೇ ಬಿಟ್ಟುಬಿಟ್ಟಿತು. ಅದು ಕೇಳುವುದು "ಇದರೊಳಗೆ ದುಡ್ಡು ಹೋಗುತ್ತದಾ?" ಎಂದಷ್ಟೇ.

ಅಡ್ಡೆ ಇತ್ತು, ಗೋಡೆ ಇತ್ತು

ಕರ್ನಾಟಕದಲ್ಲಿ ಜೂಜನ್ನು ನೋಡಿಕೊಳ್ಳುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಇಸ್ಪೀಟ್ ಅಡ್ಡೆ ಮೇಲೆ ದಾಳಿ, ಓಸಿ ಚೀಟಿ ಬರೆಯುತ್ತಿದ್ದವನ ಬಂಧನ, ಬಸ್ ಸ್ಟ್ಯಾಂಡ್ ಹಿಂದೆ ಅಂದರ್ ಬಾಹರ್, ಐಪಿಎಲ್ ಹೊತ್ತಿಗೆ ಬುಕ್ಕಿಗಳ ಹಿಡಿಯುವಿಕೆ, ಪತ್ರಿಕೆಯಲ್ಲಿ ಓದುವ ಇಂಥ ಸುದ್ದಿಗಳೆಲ್ಲ ಈ ಕಾಯ್ದೆಯ 78, 79, 80, 87ನೇ ಸೆಕ್ಷನ್‌ಗಳ ಸುತ್ತಲೇ ತಿರುಗುತ್ತವೆ. ಅದರ 176ನೇ ಸೆಕ್ಷನ್ ಮಾತ್ರ ಒಂದು ವಿನಾಯಿತಿ ಕೊಡುತ್ತದೆ. ಬರೀ ಕೌಶಲದ ಆಟಕ್ಕೆ ಇದು ಅನ್ವಯಿಸಲ್ಲ ಅಂತ.

ಈ ಕಾನೂನು ಬರೆದವರ ಕಣ್ಣ ಮುಂದೆ ಇದ್ದದ್ದು ಒಂದು ಜಾಗ. ಒಂದು ಕೋಣೆ, ಒಂದು ಚಾಪೆ, ಎಲೆ ಹಂಚುವವನು, ಪ್ರತಿ ಆಟಕ್ಕೂ ತನ್ನ ಪಾಲು ಎತ್ತಿಡುವ ಮನೆಯ ಯಜಮಾನ. ಪೊಲೀಸರು ಹೋಗಬೇಕು, ಎಲೆ ಮತ್ತು ಹಣ ವಶಪಡಿಸಿಕೊಳ್ಳಬೇಕು, ಪಂಚರ ಸಹಿ ಹಾಕಿಸಬೇಕು. ಅದರಲ್ಲೂ ಎಡವುವುದು ಜಾಸ್ತಿ. ಕೆಲವು ಸೆಕ್ಷನ್‌ಗಳಲ್ಲಿ ತನಿಖೆ ಶುರು ಮಾಡುವ ಮೊದಲು ಮ್ಯಾಜಿಸ್ಟ್ರೇಟ್ ಅನುಮತಿ ಬೇಕಿತ್ತು, ಅದನ್ನು ತೆಗೆದುಕೊಳ್ಳದ ಕಾರಣಕ್ಕೇ ಹೈಕೋರ್ಟ್‌ನಲ್ಲಿ ರದ್ದಾದ ಕೇಸುಗಳಿವೆ.

ಫೋನ್ ಬಂದ ಮೇಲೆ ಕೋಣೆ ಇಲ್ಲ, ಚಾಪೆ ಇಲ್ಲ. ಆಡುವವನು ಹಾವೇರಿಯಲ್ಲಿ, ಎದುರಾಳಿ ಪಾಟ್ನಾದಲ್ಲಿ, ಸರ್ವರ್ ಇನ್ನೆಲ್ಲೋ, ಕಂಪನಿ ಮುಂಬೈನಲ್ಲೋ ಸೈಪ್ರಸ್‌ನಲ್ಲೋ. ಹಳೆಯ ಕಾನೂನಿನ ಕೈ ಅಲ್ಲಿಗೆ ಎಟುಕಲಿಲ್ಲ.

ಬುದ್ಧಿಯೋ ಅದೃಷ್ಟವೋ

ಇನ್ನೊಂದು ಕಡೆ ಕೋರ್ಟ್‌ಗಳು ಬೇರೆ ದಾರಿಯಲ್ಲಿ ಸಾಗಿದ್ದವು. 1957ರಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿತು. ಜೂಜು ವ್ಯಾಪಾರವೇ ಅಲ್ಲ, ಹಾಗಾಗಿ ವ್ಯಾಪಾರ ಮಾಡುವ ಮೂಲಭೂತ ಹಕ್ಕು ಅದಕ್ಕೆ ಸಿಗಲ್ಲ. ಆದರೆ ಗೆಲುವು ಬಹುಪಾಲು ಕೌಶಲದ ಮೇಲೆ ನಿಂತಿರುವ ಸ್ಪರ್ಧೆ ಜೂಜಲ್ಲ.

ಈ ಎರಡನೇ ಮಾತು ಮುಂದೆ ದೊಡ್ಡದಾಯಿತು. ಸಿಕಂದರಾಬಾದ್‌ನ ಒಂದು ಕ್ಲಬ್‌ನಲ್ಲಿ ರಮ್ಮಿ ಆಡುತ್ತಿದ್ದವರ ಮೇಲೆ ಹಾಕಿದ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಆಂಧ್ರಪ್ರದೇಶ ಸರ್ಕಾರ ಮತ್ತು ಸತ್ಯನಾರಾಯಣ ನಡುವಿನ ಆ 1968ರ ತೀರ್ಪನ್ನು ಇವತ್ತಿಗೂ ಎಲ್ಲರೂ ಎತ್ತಿ ಹೇಳುತ್ತಾರೆ. ಮೂರೆಲೆ ಆಟದ ಹಾಗೆ ರಮ್ಮಿ ಬರೀ ಅದೃಷ್ಟವಲ್ಲ, ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಅನ್ನೋ ಲೆಕ್ಕ ಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಅಂತ ಕೋರ್ಟ್ ಹೇಳಿತು. 1996ರಲ್ಲಿ ಕುದುರೆ ರೇಸ್‌ಗೂ ಅದೇ ಬೆಲೆ ಸಿಕ್ಕಿತು. 2017ರಿಂದೀಚೆಗೆ ಫ್ಯಾಂಟಸಿ ಕ್ರಿಕೆಟ್ ಕೂಡ ಒಂದೊಂದೇ ಹೈಕೋರ್ಟ್‌ನಲ್ಲಿ ಈ ಸಾಲಿಗೆ ಸೇರಿತು.

1968ರ ತೀರ್ಪಿನಲ್ಲೇ ಇನ್ನೊಂದು ಸಾಲು ಇದೆ, ಅದನ್ನು ಆ್ಯಪ್ ಕಂಪನಿಗಳು ತಮ್ಮ ಜಾಹೀರಾತಿನಲ್ಲಿ ಹಾಕಲಿಲ್ಲ. ದುಡ್ಡಿಟ್ಟು ಆಡುವ ಆಟದಿಂದ ಮನೆಯ ಅಥವಾ ಕ್ಲಬ್‌ನ ಮಾಲೀಕ ಲಾಭ ಮಾಡಿಕೊಳ್ಳುತ್ತಿದ್ದರೆ ಅಪರಾಧ ಆಗಬಹುದು ಅಂತ ಕೋರ್ಟ್ ಹೇಳಿತ್ತು. ಆ ಕ್ಲಬ್ ಎಲೆಗೆ, ಕೂರುವ ಜಾಗಕ್ಕೆ ಅಂತ ಸಣ್ಣ ಶುಲ್ಕ ಪಡೆಯುತ್ತಿತ್ತು, ಅಷ್ಟನ್ನು ಲಾಭ ಅನ್ನಕ್ಕಾಗಲ್ಲ ಅಂತ ಬಿಟ್ಟಿತು. ಆ್ಯಪ್ ಕಂಪನಿಗಳ ಕಥೆ ಬೇರೆ. ಪ್ರತಿ ಮೇಜಿನ ಮೇಲಿನ ಒಟ್ಟು ಹಣದಿಂದ ಒಂದು ಪಾಲು ಕತ್ತರಿಸಿಕೊಳ್ಳುವುದೇ ಅವುಗಳ ಮುಖ್ಯ ಸಂಪಾದನೆಯಾಗಿತ್ತು. ರಮ್ಮಿ ಕೌಶಲದ ಆಟ ಅನ್ನೋದು ನಿಜ. ಆದರೆ ಕೋಟ್ಯಂತರ ಜನರನ್ನು ಕೂರಿಸಿ ಪಾಲು ಎತ್ತುವ ವ್ಯವಹಾರಕ್ಕೂ ಆ ತೀರ್ಪು ಹಾಗೇ ಹೊಂದುತ್ತದಾ ಅನ್ನೋದು ಬೇರೆ ಪ್ರಶ್ನೆ, ಅದನ್ನು ಹೆಚ್ಚು ಜನ ಗಟ್ಟಿಯಾಗಿ ಕೇಳಲಿಲ್ಲ.

ಕರ್ನಾಟಕ ತಂದ ನಿಷೇಧ ನಾಲ್ಕು ತಿಂಗಳಲ್ಲಿ ಬಿತ್ತು

ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿ ಆಗಿದ್ದಾಗ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. 2021ರ ಅಕ್ಟೋಬರ್ 5ರಿಂದ ಜಾರಿ. ದುಡ್ಡು ಪಣಕ್ಕಿಟ್ಟರೆ ಕೌಶಲದ ಆಟವೂ ಜೂಜೇ, ಆನ್‌ಲೈನ್ ಆದರೂ ಸರಿ, ಟೋಕನ್ ರೂಪದಲ್ಲಿದ್ದರೂ ಸರಿ ಅಂತ ಅದು ಹೇಳಿತು. ಶಿಕ್ಷೆ ಮೂರು ವರ್ಷ ಜೈಲು, ಒಂದು ಲಕ್ಷ ರೂಪಾಯಿ ದಂಡದವರೆಗೆ. ಲಾಟರಿ ಮತ್ತು ಕುದುರೆ ರೇಸ್ ಬೆಟ್ಟಿಂಗ್‌ಗೆ ಮಾತ್ರ ವಿನಾಯಿತಿ.

ಕಂಪನಿಗಳು ಹೈಕೋರ್ಟ್‌ಗೆ ಹೋದವು. 2022ರ ಫೆಬ್ರುವರಿ 14ರಂದು ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು.

ಕಾರಣ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕಂದ್ರೆ ಮುಂದಿನ ಜಗಳ ಪೂರ್ತಿ ಇದರ ಮೇಲೇ ನಿಂತಿದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಯಾವ ವಿಷಯಕ್ಕೆ ಯಾರು ಕಾನೂನು ಮಾಡಬೇಕು ಅನ್ನೋ ಪಟ್ಟಿಗಳಿವೆ. ರಾಜ್ಯಗಳ ಪಟ್ಟಿಯ 34ನೇ ನಮೂದು "ಪಣ ಮತ್ತು ಜೂಜು". ರಾಜ್ಯಕ್ಕೆ ಅಧಿಕಾರ ಇರುವುದು ಜೂಜಿನ ಮೇಲೆ. ಕೌಶಲದ ಆಟ ಜೂಜಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ದುಡ್ಡಿಟ್ಟ ಮಾತ್ರಕ್ಕೆ ಅದು ಜೂಜಾಗಲ್ಲ. ಹಾಗಾದರೆ 34ನೇ ನಮೂದನ್ನು ತೋರಿಸಿ ರಾಜ್ಯ ಅದನ್ನು ನಿಷೇಧಿಸಕ್ಕಾಗಲ್ಲ. ಹೈಕೋರ್ಟ್ ತರ್ಕ ಹೀಗಿತ್ತು. ಇದರ ಜೊತೆ ವ್ಯಾಪಾರದ ಹಕ್ಕು, ಸಮಾನತೆಯ ಹಕ್ಕಿನ ಮಾತೂ ಬಂತು. ಸಂವಿಧಾನಕ್ಕೆ ಹೊಂದುವ ಹೊಸ ಕಾನೂನು ತರಲು ಅಡ್ಡಿ ಇಲ್ಲ ಅಂತಲೂ ಕೋರ್ಟ್ ಹೇಳಿತು. ರಾಜ್ಯ ಸುಪ್ರೀಂ ಕೋರ್ಟ್‌ಗೆ ಮೇಲ್ಮನವಿ ಹೋಯಿತು.

ಇಲ್ಲೊಂದು ತಪ್ಪು ತಿಳಿವಳಿಕೆ ಹುಟ್ಟಿಕೊಂಡಿತು. "ಹೈಕೋರ್ಟ್ ಆನ್‌ಲೈನ್ ಬೆಟ್ಟಿಂಗ್‌ಗೆ ಒಪ್ಪಿಗೆ ಕೊಟ್ಟಿತು" ಅಂತ ತುಂಬಾ ಜನ ಅಂದುಕೊಂಡರು. ಕೊಟ್ಟಿರಲಿಲ್ಲ. ಬಿದ್ದದ್ದು ತಿದ್ದುಪಡಿ ಮಾತ್ರ. ಮಟ್ಕಾ, ಅಂದರ್ ಬಾಹರ್, ಬುಕ್ಕಿ ಹತ್ತಿರ ಕಟ್ಟುವ ಬೆಟ್, ಇವೆಲ್ಲ ಹಳೆಯ ಕಾಯ್ದೆ ಕೆಳಗೆ ಅಪರಾಧವಾಗಿಯೇ ಉಳಿದವು.

ಅಕ್ಕಪಕ್ಕದ ರಾಜ್ಯಗಳದ್ದು ಇನ್ನೊಂದು ಕಥೆ. ತೆಲಂಗಾಣ 2017ರಲ್ಲಿ, ಆಂಧ್ರ 2020ರಲ್ಲಿ ಹಣದಾಟ ನಿಷೇಧಿಸಿದವು. ತಮಿಳುನಾಡಿನ ನಿಷೇಧವನ್ನು 2021ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್ ರದ್ದು ಮಾಡಿತು, ಸರ್ಕಾರ ಮತ್ತೆ ಹೊಸ ಕಾನೂನು ತಂತು, 2023ರ ನವೆಂಬರ್‌ನಲ್ಲಿ ಕೋರ್ಟ್ ಅದನ್ನು ಉಳಿಸಿ ರಮ್ಮಿ, ಪೋಕರ್ ಮಾತ್ರ ಹೊರಗಿಟ್ಟಿತು. ಗೋವಾದಲ್ಲಿ ಕ್ಯಾಸಿನೊ ಹಡಗು ತೇಲುತ್ತಿದೆ. ಕೇರಳ ಸರ್ಕಾರವೇ ಲಾಟರಿ ಮಾರುತ್ತದೆ, ಕರ್ನಾಟಕ 2007ರಲ್ಲೇ ಲಾಟರಿ ನಿಲ್ಲಿಸಿತು. ಒಂದೇ ಫೋನ್, ಒಂದೇ ಆ್ಯಪ್, ಬಸ್ಸು ಗಡಿ ದಾಟಿದರೆ "ನಿಮ್ಮ ರಾಜ್ಯದಲ್ಲಿ ಲಭ್ಯವಿಲ್ಲ" ಅನ್ನುತ್ತಿತ್ತು.

ತೆರಿಗೆ ಕಟ್ಟಿದರೆ ಕಾನೂನುಬದ್ಧ ಅಂತಲ್ಲ

ಗೊಂದಲಕ್ಕೆ ಎಣ್ಣೆ ಸುರಿದದ್ದು ತೆರಿಗೆ. ಮೊದಲು ರಮ್ಮಿ ಕಂಪನಿಗಳು ತಮ್ಮ ಪಾಲಿನ ಮೇಲೆ ಮಾತ್ರ ಶೇ 18 ಜಿಎಸ್‌ಟಿ ಕಟ್ಟುತ್ತಿದ್ದವು. ಮೇಜಿನ ಮೇಲೆ 100 ರೂಪಾಯಿ ಇದ್ದು ಕಂಪನಿ 10 ರೂಪಾಯಿ ತೆಗೆದುಕೊಂಡರೆ, ತೆರಿಗೆ 1 ರೂಪಾಯಿ 80 ಪೈಸೆ. 2023ರ ಅಕ್ಟೋಬರ್ 1ರಿಂದ ಲೆಕ್ಕ ಬದಲಾಯಿತು. ಆಟಗಾರ ಕಟ್ಟುವ ಪೂರ್ತಿ ಹಣದ ಮೇಲೆ ಶೇ 28. ಜೇಬಿನಿಂದ 100 ರೂಪಾಯಿ ಹಾಕಿದರೆ ಅದರೊಳಗೇ ಸುಮಾರು 22 ರೂಪಾಯಿ ತೆರಿಗೆ, ಇನ್ನೂ ಒಂದು ಎಲೆ ಎತ್ತುವ ಮೊದಲೇ. ಗೆದ್ದ ಹಣದ ಮೇಲೆ ಶೇ 30 ಆದಾಯ ತೆರಿಗೆ ಕಡಿತವೂ ಅದೇ ವರ್ಷದ ಏಪ್ರಿಲ್‌ನಿಂದ ಹೊಸ ರೂಪದಲ್ಲಿ ಬಂತು.

ಹಳೆಯ ಬಾಕಿಯ ಜಗಳ ಇನ್ನೂ ದೊಡ್ಡದು. ಬೆಂಗಳೂರಿನ ರಮ್ಮಿ ಕಂಪನಿ ಗೇಮ್ಸ್‌ಕ್ರಾಫ್ಟ್‌ಗೆ 2022ರಲ್ಲಿ ಸುಮಾರು 21,000 ಕೋಟಿ ರೂಪಾಯಿಯ ಜಿಎಸ್‌ಟಿ ನೋಟಿಸ್ ಬಂತು. 2023ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಸರ್ಕಾರ ತೆರಿಗೆ ತೆಗೆದುಕೊಳ್ಳುತ್ತಿದೆ ಅಂದ ಮೇಲೆ ಕಾನೂನುಬದ್ಧವೇ ಅಲ್ವಾ ಅಂತ ಆಟಗಾರ ಅಂದುಕೊಂಡರೆ ಅವನನ್ನು ದೂರುವುದು ಕಷ್ಟ. ಆದರೆ ತೆರಿಗೆ ಕಾನೂನಿಗೆ ಈ ಸಂಬಂಧ ಇಲ್ಲ. ತಪ್ಪು ದಾರಿಯಲ್ಲಿ ಗಳಿಸಿದ ಹಣಕ್ಕೂ ಆದಾಯ ತೆರಿಗೆ ಬೀಳುತ್ತದೆ. 2023ರ ಜಿಎಸ್‌ಟಿ ತಿದ್ದುಪಡಿಯಲ್ಲಂತೂ ಇದನ್ನು ಬಿಡಿಸಿಯೇ ಬರೆದಿದ್ದಾರೆ. ಬೆಟ್ಟಿಂಗ್, ಕ್ಯಾಸಿನೊ, ಜೂಜು, ಕುದುರೆ ರೇಸ್, ಲಾಟರಿ, ಆನ್‌ಲೈನ್ ಗೇಮಿಂಗ್ ಇವನ್ನು ನಿಷೇಧಿಸುವ ಅಥವಾ ನಿಯಂತ್ರಿಸುವ ಬೇರೆ ಯಾವ ಕಾನೂನಿಗೂ ಇದರಿಂದ ಧಕ್ಕೆ ಇಲ್ಲ ಅಂತ. 2025ರ ಸೆಪ್ಟೆಂಬರ್ 22ರಿಂದ ಬಂದ ಶೇ 40 ಕೂಡ ಹೀಗೇ. ಅದು ಕ್ಯಾಸಿನೊ, ರೇಸ್ ಕ್ಲಬ್, ಲಾಟರಿಗೂ ಸೇರಿದ ದರ. ಪಟ್ಟಿಯಲ್ಲಿ ಆನ್‌ಲೈನ್ ಹಣದಾಟದ ಹೆಸರಿದೆ ಅಂದರೆ, ಯಾರಾದರೂ ನಡೆಸಿ ಸಿಕ್ಕಿಬಿದ್ದರೆ ತೆರಿಗೆಯೂ ಬೀಳುತ್ತದೆ ಅಂತಷ್ಟೇ, ನಡೆಸಿ ಅಂತಲ್ಲ.

2025ರ ಕಾಯ್ದೆ ಮಾಡಿದ್ದೇನು

ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಂಡಿಸಿದರು. ಅವತ್ತೇ ಪಾಸಾಯಿತು. 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಮೂರು ದಿನ. ಇಷ್ಟು ದೊಡ್ಡ ಉದ್ಯಮದ ವಿಷಯದಲ್ಲಿ ಚರ್ಚೆಗೆ ಇನ್ನೂ ಸ್ವಲ್ಪ ಸಮಯ ಕೊಟ್ಟಿದ್ದರೆ ಆಕಾಶ ಬೀಳುತ್ತಿರಲಿಲ್ಲ. ಇರಲಿ.

ಕಾಯ್ದೆ ಆಟಗಳನ್ನು ಮೂರು ಗುಂಪು ಮಾಡುತ್ತದೆ. ಮೊದಲನೆಯದು ಇ-ಸ್ಪೋರ್ಟ್ಸ್, ಅಂದರೆ ಒಬ್ಬೊಬ್ಬರಾಗಿ ಅಥವಾ ತಂಡ ಕಟ್ಟಿಕೊಂಡು ಆಡುವ ವಿಡಿಯೊ ಗೇಮ್ ಪಂದ್ಯಾವಳಿ. ಅಲ್ಲಿ ಪ್ರವೇಶ ಶುಲ್ಕ ಇರಬಹುದು, ಬಹುಮಾನವೂ ಇರಬಹುದು, ಆದರೆ ಬೆಟ್ ಇರಬಾರದು. ಎರಡನೆಯದು ಸುಮ್ನೆ ಮನರಂಜನೆಯ ಆಟ, ಚಂದಾ ಕಟ್ಟಿ ಆಡಬಹುದು, ಗೆದ್ದರೆ ದುಡ್ಡು ಬರಲ್ಲ. ಮೂರನೆಯದು ಹಣದಾಟ. ದುಡ್ಡು ಅಥವಾ ದುಡ್ಡಿಗೆ ಸಮನಾದ ಕಾಯಿನ್, ಟೋಕನ್ ಕಟ್ಟಿ, ಅದರ ಬದಲಿಗೆ ದುಡ್ಡು ಗೆಲ್ಲುವ ಆಸೆಯಿಂದ ಆಡುವುದು. ಕೌಶಲವೋ ಅದೃಷ್ಟವೋ ಎರಡೂ ಸೇರಿದ್ದೋ, ಲೆಕ್ಕಕ್ಕೇ ಇಲ್ಲ. ಈ ಮೂರನೆಯದಕ್ಕೆ ನಿಷೇಧ.

ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಅದಕ್ಕೆ ಹಣ ಸಾಗಿಸಿಕೊಡುವ ಬ್ಯಾಂಕ್, ಪಾವತಿ ಕಂಪನಿಗಳಿಗೂ ಅಷ್ಟೇ. ಜಾಹೀರಾತು ಮಾಡುವವರಿಗೆ ಎರಡು ವರ್ಷ, 50 ಲಕ್ಷ. ಮತ್ತೆ ಸಿಕ್ಕಿಬಿದ್ದರೆ ಇನ್ನೂ ಜಾಸ್ತಿ. ನಡೆಸುವುದು ಮತ್ತು ಹಣ ಸಾಗಿಸುವುದು ಜಾಮೀನು ಸಿಗದ ಅಪರಾಧಗಳು.

ಕಂಪನಿಗಳು ಒಂದೇ ವಾರದಲ್ಲಿ ಬಾಗಿಲು ಹಾಕಿದ್ದಕ್ಕೆ ಕಾರಣ ಇಲ್ಲೇ ಇದೆ. ಹಿಂದಿನ ರಾಜ್ಯ ಕಾನೂನುಗಳು ಬಂದಾಗ ಅವು ಕೋರ್ಟ್‌ಗೆ ಹೋಗಿ, ಉಳಿದ ರಾಜ್ಯಗಳಲ್ಲಿ ಆಟ ಮುಂದುವರಿಸುತ್ತಿದ್ದವು. ಈ ಸಲ ಕಾನೂನು ಕೈ ಹಾಕಿದ್ದು ಪಾವತಿಗೆ. ಯುಪಿಐ ನಿಂತರೆ ಆಟ ತಾನಾಗಿಯೇ ನಿಲ್ಲುತ್ತದೆ. ಯಾವ ಬ್ಯಾಂಕ್ ಅಧಿಕಾರಿಯೂ ಇನ್ನೊಬ್ಬರ ರಮ್ಮಿ ಆಟಕ್ಕಾಗಿ ಜೈಲಿಗೆ ಹೋಗಲು ತಯಾರಿರಲ್ಲ.

ಆಡಿದವರಿಗೆ ಏನೂ ಆಗಲ್ವಾ?

ಕೇಂದ್ರ ಕಾಯ್ದೆಯಲ್ಲಿ ಆಟಗಾರನಿಗೆ ಶಿಕ್ಷೆ ಇಲ್ಲ. ಅವನು ಅಪರಾಧಿ ಅಲ್ಲ, ಹಾನಿಗೆ ಒಳಗಾದವನು ಅನ್ನೋದು ಸರ್ಕಾರದ ನಿಲುವು. ಆದರೆ ಶಿಕ್ಷೆ ಇಲ್ಲ ಅನ್ನೋದಕ್ಕೂ ರಕ್ಷಣೆ ಇದೆ ಅನ್ನೋದಕ್ಕೂ ತುಂಬಾ ದೂರ.

1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಪಣದ ಒಪ್ಪಂದಕ್ಕೆ ಬೆಲೆಯೇ ಇಲ್ಲ. ವಿದೇಶಿ ಬೆಟ್ಟಿಂಗ್ ಸೈಟ್‌ನಲ್ಲಿ ಎರಡು ಲಕ್ಷ ಗೆದ್ದು, ಅವರು ಕೊಡಲಿಲ್ಲ ಅಂದರೆ ಯಾವ ಕೋರ್ಟ್‌ಗೂ ಹೋಗಿ ಕೊಡಿಸಿ ಅನ್ನಕ್ಕಾಗಲ್ಲ. ಗ್ರಾಹಕ ಸೇವೆಗೆ ಫೋನ್ ಮಾಡೋಣ ಅಂದರೆ ಆ ಕಡೆ ಇರುವುದು ಒಂದು ವಾಟ್ಸ್‌ಆ್ಯಪ್ ನಂಬರ್. ಅವರು ತೋರಿಸುವ, ಕೆರಿಬಿಯನ್ ದ್ವೀಪ ಕ್ಯುರಸಾವ್‌ನ ಲೈಸೆನ್ಸ್‌ಗೆ ಇಲ್ಲಿ ಕಾಗದದ ಬೆಲೆಯೂ ಇಲ್ಲ. ವಿದೇಶಿ ವಿನಿಮಯದ ನಿಯಮಗಳು ಲಾಟರಿ ಟಿಕೆಟ್, ಪಂದ್ಯದ ಪಣದಂಥವಕ್ಕೆ ಹೊರದೇಶಕ್ಕೆ ಹಣ ಕಳಿಸುವುದನ್ನು 2000ನೇ ಇಸವಿಯಿಂದಲೇ ತಡೆಯುತ್ತಾ ಬಂದಿವೆ.

ಜಾಸ್ತಿ ಅಪಾಯ ಇರುವುದು ಬ್ಯಾಂಕ್ ಖಾತೆಯಲ್ಲಿ. ಇಂಥ ಸೈಟ್‌ಗಳು ಹಣ ಪಡೆಯುವುದು ಯಾರ್ಯಾರದೋ ಹೆಸರಿನ ಬಾಡಿಗೆ ಖಾತೆಗಳಿಗೆ. ಅದೇ ಖಾತೆಗೆ ಸೈಬರ್ ವಂಚನೆಯ ಹಣವೂ ಬಂದಿರುತ್ತದೆ. ಪೊಲೀಸರು ಸರಪಳಿ ಹಿಡಿದು ಬಂದಾಗ, ಆ ಖಾತೆಯಿಂದ ಗೆಲುವಿನ ಐದು ಸಾವಿರ ಪಡೆದವನ ಖಾತೆಯೂ ಸ್ಥಗಿತವಾಗುತ್ತದೆ. ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಬಿಟ್ಟುಕೊಟ್ಟವನ ಸ್ಥಿತಿ ಇನ್ನೂ ಕೆಟ್ಟದು. ಅವನು ಆಟಗಾರನ ಲೆಕ್ಕಕ್ಕೆ ಬರಲ್ಲ, ಹಣ ಸಾಗಿಸಲು ನೆರವಾದವನ ಲೆಕ್ಕಕ್ಕೆ ಬರಬಹುದು.

ಇನ್ನು ರಾಜ್ಯದ ಪೊಲೀಸ್ ಕಾಯ್ದೆ ಎಲ್ಲೂ ಹೋಗಿಲ್ಲ. ಅಡ್ಡೆಯಲ್ಲಿ ಕೂತು ಅಂದರ್ ಬಾಹರ್ ಆಡಿ ಸಿಕ್ಕಿಬಿದ್ದವನು "ಕೇಂದ್ರ ಕಾಯ್ದೆಯಲ್ಲಿ ಆಟಗಾರನಿಗೆ ಶಿಕ್ಷೆ ಇಲ್ಲ" ಅಂದರೆ ಪೇದೆ ನಗುತ್ತಾನೆ.

ಎರಡು ಕಡೆಯ ಮಾತು

ಸರ್ಕಾರದ ವಾದದ ಬೆನ್ನೆಲುಬು ಸಾಲ ಮತ್ತು ಸಾವು. ಸುಮಾರು 45 ಕೋಟಿ ಜನ ಹಣದಾಟದಿಂದ ತೊಂದರೆಗೆ ಸಿಕ್ಕಿದ್ದಾರೆ, ವರ್ಷಕ್ಕೆ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಅಂತ ಸರ್ಕಾರ ತನ್ನ ಅಂದಾಜು ಹೇಳಿತು. ಚಟ, ಸಾಲ, ಆತ್ಮಹತ್ಯೆ, ಹಣ ಅಕ್ರಮ ವರ್ಗಾವಣೆ, ಇವೆಲ್ಲ ರಾಜ್ಯದ ಗಡಿ ನೋಡಲ್ಲ ಅಂತಲೂ ವಾದಿಸಿತು. 2023ರ ಏಪ್ರಿಲ್‌ನಲ್ಲಿ ಐಟಿ ನಿಯಮಗಳಿಗೆ ತಿದ್ದುಪಡಿ ತಂದು, ಉದ್ಯಮವೇ ಸ್ವಯಂ ನಿಯಂತ್ರಣ ಸಂಸ್ಥೆ ಕಟ್ಟಿಕೊಳ್ಳಲಿ ಅಂತ ಕೇಂದ್ರ ಒಂದು ದಾರಿ ಹಾಕಿತ್ತು. ಆ ದಾರಿಯಲ್ಲಿ ಗಾಡಿ ಹೊರಡಲೇ ಇಲ್ಲ.

ಕಂಪನಿಗಳದ್ದು ಉದ್ಯೋಗ, ತೆರಿಗೆ, ಹೂಡಿಕೆಯ ಲೆಕ್ಕ. ಆಧಾರ್ ಕೇಳಿ, ವಯಸ್ಸು ನೋಡಿ, ತೆರಿಗೆ ಕಡಿದು ಆಡಿಸುತ್ತಿದ್ದವರನ್ನು ಮುಚ್ಚಿಸಿದರೆ ಆಟಗಾರ ಯಾವ ಲೆಕ್ಕವೂ ಇಲ್ಲದ ವಿದೇಶಿ ಸೈಟ್‌ಗೆ ಹೋಗುತ್ತಾನೆ ಅಂತ ಅವರ ಮಾತು. ಕರ್ನಾಟಕದ ಐಟಿ ಸಚಿವ ಪ್ರಿಯಾಂಕ್ ಖರ್ಗೆ ಕೂಡ ಹೆಚ್ಚುಕಡಿಮೆ ಇದೇ ಧಾಟಿಯಲ್ಲಿ ಕೇಂದ್ರದ ನಡೆಯನ್ನು ಟೀಕಿಸಿದರು. ಅದರಲ್ಲಿ ಆಶ್ಚರ್ಯ ಇಲ್ಲ, ಈ ಕಂಪನಿಗಳಲ್ಲಿ ಎಷ್ಟೋ ಇರುವುದು ಬೆಂಗಳೂರಿನಲ್ಲಿ. ಅಲ್ಲಿನ ಗೇಮಿಂಗ್ ಕಂಪನಿ ಎಂಪಿಎಲ್ ತನ್ನ ಭಾರತದ ಸಿಬ್ಬಂದಿಯಲ್ಲಿ ದೊಡ್ಡ ಪಾಲನ್ನು ಕೆಲಸದಿಂದ ತೆಗೆಯಿತು.

ಎರಡೂ ಕಡೆಯ ಅಂಕಿಗಳನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು. ನನಗೆ ಅನಿಸುವುದು, ವಿದೇಶಿ ಸೈಟ್‌ಗೆ ಹೋಗುತ್ತಾರೆ ಅನ್ನೋ ಮಾತು ಅರ್ಧ ಮಾತ್ರ ನಿಜ. ಚಟ ಹತ್ತಿದವರು ಹೋಗುತ್ತಾರೆ. ಆದರೆ ಟಿವಿಯಲ್ಲಿ ಕ್ರಿಕೆಟ್ ಆಟಗಾರ ಬಂದು ಕರೆದ ಅಂತ 49 ರೂಪಾಯಿ ಹಾಕಿ ಶುರು ಮಾಡಿದ ಲಕ್ಷಾಂತರ ಜನ ವಿಪಿಎನ್ (ತಾವಿರುವ ಜಾಗ ಮರೆಮಾಚುವ ಆ್ಯಪ್) ಹಾಕಿಕೊಂಡು, ಗೊತ್ತಿಲ್ಲದ ಖಾತೆಗೆ ದುಡ್ಡು ಕಳಿಸಿ ಆಡಲ್ಲ. ಜಾಹೀರಾತು ನಿಂತದ್ದರಿಂದ ಹೊಸಬರು ಬರುವುದು ಕಡಿಮೆ ಆಗುತ್ತದೆ. ಆದರೆ ಈಗಾಗಲೇ ಮುಳುಗಿದವರು ಇನ್ನೂ ಕತ್ತಲ ಜಾಗಕ್ಕೆ ಹೋಗುತ್ತಾರೆ. ಎರಡೂ ಒಟ್ಟಿಗೆ ಆಗುತ್ತವೆ.

ಆ ಕತ್ತಲ ಜಾಗ ಸಣ್ಣದೇನಲ್ಲ. ಮಹಾದೇವ್ ಆ್ಯಪ್, ಒನ್ ಎಕ್ಸ್ ಬೆಟ್ ಎಂಬ ಬೆಟ್ಟಿಂಗ್ ಜಾಲಗಳ ಪ್ರಕರಣಗಳನ್ನು ಜಾರಿ ನಿರ್ದೇಶನಾಲಯ ತನಿಖೆ ಮಾಡಿತು. ಹೊಸ ಕಾಯ್ದೆಗೆ ಅಂಕಿತ ಬಿದ್ದ ಮರುದಿನವೇ, ಅಕ್ರಮ ಆನ್‌ಲೈನ್ ಬೆಟ್ಟಿಂಗ್ ಆರೋಪದಲ್ಲಿ ಕರ್ನಾಟಕದ ಒಬ್ಬ ಶಾಸಕರನ್ನು ಅದು ಗ್ಯಾಂಗ್ಟಾಕ್‌ನಲ್ಲಿ ಬಂಧಿಸಿತು. ಐಟಿ ಕಾಯ್ದೆಯ 69ಎ ಸೆಕ್ಷನ್ ಕೆಳಗೆ ಸಾವಿರಕ್ಕೂ ಹೆಚ್ಚು ಬೆಟ್ಟಿಂಗ್ ಸೈಟ್‌ಗಳಿಗೆ ತಡೆ ಬಿದ್ದಿದೆ. ಒಂದನ್ನು ಮುಚ್ಚಿದರೆ ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸಿಕೊಂಡು ಇನ್ನೊಂದು ಏಳುತ್ತದೆ.

ಅಧಿಕಾರ ಯಾರದು?

ಹೊಸ ಕಾಯ್ದೆಯನ್ನು ಪ್ರಶ್ನಿಸಿ ಮೊದಲ ಅರ್ಜಿ ಬಂದದ್ದು ಕರ್ನಾಟಕ ಹೈಕೋರ್ಟ್‌ಗೇ. ಎ23 ರಮ್ಮಿ ನಡೆಸುತ್ತಿದ್ದ ಹೆಡ್ ಡಿಜಿಟಲ್ ವರ್ಕ್ಸ್ ಹಾಕಿದ್ದು. ದೆಹಲಿ, ಮಧ್ಯಪ್ರದೇಶ ಹೈಕೋರ್ಟ್‌ಗಳಲ್ಲೂ ಅರ್ಜಿ ಬಿದ್ದವು. ಮೂರು ಕಡೆ ಮೂರು ಥರ ತೀರ್ಪು ಬರುವುದು ಬೇಡ ಅಂತ ಕೇಂದ್ರ ಕೇಳಿಕೊಂಡಿತು, 2025ರ ಸೆಪ್ಟೆಂಬರ್ 8ರಂದು ಸುಪ್ರೀಂ ಕೋರ್ಟ್ ಎಲ್ಲವನ್ನೂ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

ಕಂಪನಿಗಳ ಒಂದು ಮುಖ್ಯ ವಾದ, ಜೂಜು ರಾಜ್ಯಗಳ ವಿಷಯ, ಸಂಸತ್ತಿಗೆ ಇದರಲ್ಲಿ ಅಧಿಕಾರವೇ ಇಲ್ಲ ಅಂತ. ಇಲ್ಲಿ ಅವರಿಗೆ ಒಂದು ಇಕ್ಕಟ್ಟಿದೆ. 2022ರಲ್ಲಿ ಇದೇ ಉದ್ಯಮ ಬೆಂಗಳೂರಿನಲ್ಲಿ ಗೆದ್ದದ್ದು "ನಮ್ಮ ಆಟ ಜೂಜಲ್ಲ, ಆದ್ದರಿಂದ 34ನೇ ನಮೂದಿಗೆ ಬರಲ್ಲ" ಅಂತ ಹೇಳಿ. ಬರಲ್ಲ ಅಂದರೆ ಅದು ರಾಜ್ಯದ ವಿಷಯ ಅಲ್ಲ ಅಂತಾಯ್ತು. ರಾಜ್ಯದ ಪಟ್ಟಿಯಲ್ಲೂ, ಕೇಂದ್ರ ರಾಜ್ಯ ಎರಡಕ್ಕೂ ಸೇರಿದ ಜಂಟಿ ಪಟ್ಟಿಯಲ್ಲೂ ಇಲ್ಲದ ವಿಷಯ ಸಂವಿಧಾನದ ಪ್ರಕಾರ ಕೇಂದ್ರಕ್ಕೆ ಸೇರುತ್ತದೆ. ಅಂದು ಗೆಲ್ಲಿಸಿದ ವಾದವೇ ಇಂದು ಕೇಂದ್ರದ ಕೈಯಲ್ಲಿ ಆಯುಧ. ಅದನ್ನು ತಪ್ಪಿಸಿಕೊಳ್ಳಲು "ಇದು 34ನೇ ನಮೂದಿಗೇ ಬರುತ್ತದೆ, ರಾಜ್ಯದ್ದೇ" ಅಂದರೆ, ತಮ್ಮದು ಜೂಜು ಅಂತ ತಾವೇ ಒಪ್ಪಿಕೊಂಡ ಹಾಗೆ. ಆಗ ವ್ಯಾಪಾರದ ಹಕ್ಕು 1957ರ ತೀರ್ಪಿನ ಪ್ರಕಾರ ಕೈಬಿಟ್ಟು ಹೋಗುತ್ತದೆ.

ಕೇಂದ್ರಕ್ಕೂ ಇದು ಸಲೀಸಲ್ಲ. ಅಪ್ಪಟ ಅದೃಷ್ಟದ ಆಟ 34ನೇ ನಮೂದಿನದೇ ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ. ಅದಕ್ಕೂ ಸೇರಿಸಿ ಸಂಸತ್ತು ಕಾನೂನು ಮಾಡಬಹುದಾ? ಇಂಟರ್‌ನೆಟ್ ಸಂಪರ್ಕದ ವಿಷಯ, ಅಂತರರಾಜ್ಯ ವ್ಯಾಪಾರದ ವಿಷಯ, ಅವು ಕೇಂದ್ರ ಪಟ್ಟಿಯಲ್ಲಿವೆ ಅನ್ನೋದು ಉತ್ತರ. ಆದರೆ ಇದನ್ನು ಪೂರ್ತಿ ಒಪ್ಪಿದರೆ ಫೋನ್ ಮೂಲಕ ನಡೆಯುವ ಎಲ್ಲವೂ ಕೇಂದ್ರದ್ದೇ ಆಗಿಬಿಡುತ್ತದೆ. ಇವತ್ತು ಫೋನ್ ಮೂಲಕ ನಡೆಯದೇ ಇರುವುದು ಏನಿದೆ? ರಾಜ್ಯಗಳು ಈ ಪ್ರಕರಣದಲ್ಲಿ ರಮ್ಮಿಗಿಂತ ಈ ಪ್ರಶ್ನೆಗೆ ಹೆಚ್ಚು ಹೆದರಬೇಕು.

ಇಲ್ಲಿಂದ ದಾರಿ ಎಲ್ಲಿಗೆ

ಕಾಯ್ದೆ ಪೂರ್ತಿ ಉಳಿದರೆ ಕೌಶಲ ಅನ್ನೋ ಗುರಾಣಿ ಆನ್‌ಲೈನ್‌ನಲ್ಲಿ ಮುಗಿದ ಹಾಗೆ. ಕರ್ನಾಟಕದ 2021ರ ತಿದ್ದುಪಡಿಯ ಮೇಲ್ಮನವಿಗೂ ದೊಡ್ಡ ಅರ್ಥ ಉಳಿಯಲ್ಲ. ಸಂಸತ್ತಿಗೆ ಅಧಿಕಾರ ಇಲ್ಲ ಅಂತಾದರೆ ಚೆಂಡು ವಿಧಾನಸೌಧದ ಅಂಗಳಕ್ಕೆ ಬರುತ್ತದೆ, ಆದರೆ 2022ರ ಹೈಕೋರ್ಟ್ ತೀರ್ಪು ಇರುವವರೆಗೆ ರಾಜ್ಯ ರಮ್ಮಿಯನ್ನು ಮುಟ್ಟಕ್ಕಾಗಲ್ಲ, ಲೈಸೆನ್ಸ್ ಕೊಟ್ಟು ನಿಯಂತ್ರಿಸುವುದೊಂದೇ ದಾರಿ. ಅದೃಷ್ಟದಾಟಕ್ಕೆ ನಿಷೇಧ, ಕೌಶಲದಾಟಕ್ಕೆ ಕಟ್ಟುನಿಟ್ಟಿನ ನಿಯಮ ಅಂತ ಕೋರ್ಟ್ ನಡುವೆ ಗೆರೆ ಎಳೆದರೆ, ಯಾವುದು ಯಾವುದು ಅಂತ ಒಂದೊಂದೇ ಆಟದ ಮೇಲೆ ಮತ್ತೆ ಹತ್ತು ವರ್ಷ ಜಗಳ ನಡೆಯುತ್ತದೆ. ವಕೀಲರಿಗೆ ಒಳ್ಳೆಯದು.

ಈ ಮೂರರಲ್ಲಿ ಯಾವುದಾದರೂ, ಕ್ರಿಕೆಟ್ ಪಂದ್ಯದ ಮೇಲೆ ಬೆಟ್ ಕಟ್ಟಿಸಿಕೊಳ್ಳುವ ವಿದೇಶಿ ಸೈಟ್ ಕರ್ನಾಟಕದಲ್ಲಿ ಕಾನೂನುಬದ್ಧ ಆಗಲ್ಲ. ಅದಕ್ಕೆ ಈ ಜಗಳದಲ್ಲಿ ಪಾಲೇ ಇಲ್ಲ, ಮೊದಲಿನಿಂದಲೂ ಇರಲಿಲ್ಲ. "ಶೇ 100 ಲೀಗಲ್" ಅಂತ ಅವು ಹಾಕಿಕೊಳ್ಳುವುದು ರಮ್ಮಿಗೆ ಸಿಕ್ಕ ತೀರ್ಪಿನ ನೆರಳಲ್ಲಿ ನಿಂತು.

ಇದರ ಮಧ್ಯೆ ಬೆಂಗಳೂರು ಟರ್ಫ್ ಕ್ಲಬ್‌ನ ಕಿಟಕಿಯಲ್ಲಿ ಕುದುರೆ ಮೇಲೆ ದುಡ್ಡು ಕಟ್ಟುವುದು ಬೇರೆ ಕಾನೂನಿನ ಕೆಳಗೆ ನಡೆಯುವ ವ್ಯವಹಾರ. ಕ್ಲಬ್‌ನಲ್ಲಿ ನಾಲ್ಕು ಜನ ಕೂತು ಪಾಯಿಂಟಿಗೆ ಒಂದು ರೂಪಾಯಿ ಅಂತ ರಮ್ಮಿ ಆಡಿದರೆ 1968ರ ತೀರ್ಪು ಅವರ ಜೊತೆಗಿದೆ. ಅದೇ ನಾಲ್ಕು ಜನ, ಅದೇ 13 ಎಲೆ, ಫೋನ್‌ನಲ್ಲಿ ಆದರೆ ಆಡಿಸಿದ ಕಂಪನಿಗೆ ಜೈಲು. ಇದು ತಾರತಮ್ಯ ಅಲ್ವಾ ಅನ್ನೋ ಕಂಪನಿಗಳ ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಉತ್ತರ ಹುಡುಕಲು ಸುಪ್ರೀಂ ಕೋರ್ಟ್ ದೂರ ಹೋಗಬೇಕಾಗಿಲ್ಲ. ಮಾಲೀಕ ಲಾಭ ಎತ್ತಿದರೆ ಅಪರಾಧ ಆಗಬಹುದು ಅಂತ ತಾನೇ ಬರೆದ, ಹೆಚ್ಚಿನವರು ಓದದೆ ಬಿಟ್ಟ ಆ ಸಾಲು ಅದೇ ತೀರ್ಪಿನಲ್ಲಿದೆ.